ಸ್ತವನಿಧಿ ಘಟ್ಟಕ್ಕೆ ಒಂದು ದಿನದ ಸೈಕಲ್ ಸವಾರಿ

'ದೇಶ ಸುತ್ತಬೇಕು, ಕೋಶ ಓದಬೇಕು' ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದುವ ಕೆಲಸ ಕಾಲೇಜಿನಲ್ಲಿ ಹೇಗೋ ಸಾಗಿರುತ್ತದೆ. ದೇಶ ಸುತ್ತುವುದಕ್ಕೆ ಮಾತ್ರ ಹಣ ಬೇಕು, ರಜೆ ಬೇಕು, ಮನೆಯವರ ಒಪ್ಪಿಗೆ ಬೇಕು ಎಂದು ನಾವು ಸುಮ್ಮನೆ ಕುಳಿತುಬಿಡುತ್ತೇವೆ. ಒಂದು ಸೈಕಲ್ಲು, ಒಂದು ರವಿವಾರ, ಬುತ್ತಿಗೆ ನಾಲ್ಕು ರೊಟ್ಟಿ ಇಷ್ಟಿದ್ದರೆ ದೇಶದ ಒಂದು ಚಿಕ್ಕ ತುಣುಕನ್ನಾದರೂ ನೋಡಿ ಬರಬಹುದು ಎಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಆ ದಿನ ನಾನು ಮಾಡಿದ ಒಂದು ತಪ್ಪನ್ನೂ ಇದರಲ್ಲಿ ಮುಚ್ಚಿಡದೆ ಹೇಳುವೆನು. ನಿಮ್ಮಲ್ಲಿ ಯಾರಾದರೂ ಹೊರಟರೆ ಅದೇ ತಪ್ಪನ್ನು ಮಾಡದಿರಲಿ ಎಂಬುದೇ ಅದರ ಉದ್ದೇಶ.

ಈ ಸವಾರಿಯ ಹುಚ್ಚು ಹತ್ತಿಸಿದವನು ರಾಯಬಾಗದ ಕಡೆಯ ನನ್ನ ಗೆಳೆಯ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಜನರು ಮುಂಜಾನೆ ಸೈಕಲ್ ಹತ್ತಿ, ಬೆಟ್ಟದ ಮೇಲಿರುವ ಒಂದು ಗುಡಿಸಲಿಗೆ ಹೋಗಿ ಉಂಡು, ಸಂಜೆಯೊಳಗೆ ಕೆಳಗಿಳಿದು ಬರುವರೆಂದು ಅವನು ಎಲ್ಲಿಯೋ ಓದಿದ್ದನು. ಅದನ್ನು ಕೇಳಿ ಅಥಣಿ, ಕಾಗವಾಡದ ಕಡೆಯ ಗೆಳೆಯರು ನಕ್ಕುಬಿಟ್ಟರು. 'ಆಲ್ಪ್ಸ್ ಎಲ್ಲಿ, ಅಥಣಿ ಎಲ್ಲಿ! ನಮ್ಮ ಕೃಷ್ಣಾ ದಂಡೆಯ ಬಯಲಿನೊಳಗ ಏರು ಅಂದ್ರ ಹೊಲದ ಒಡ್ಡು' ಎಂದು ಒಬ್ಬನು ಹಾಸ್ಯಮಾಡಿದನು. ಆದರೆ ನಮ್ಮ ಭಾಗದಲ್ಲಿ ಗುಡ್ಡವೇ ಇಲ್ಲವೆಂದಲ್ಲ. ನಿಪ್ಪಾಣಿಯಿಂದ ಸಂಕೇಶ್ವರದ ಕಡೆಗೆ ಹೊರಟರೆ ಆರೇಳು ಕಿಲೋಮೀಟರಿನಲ್ಲಿಯೇ ಸ್ತವನಿಧಿ ಘಟ್ಟವಿದೆ. ಜನರ ಬಾಯಲ್ಲಿ ಅದು ತವಂದಿ ಘಾಟ. ಅಲ್ಲಿ ಪಾರ್ಶ್ವನಾಥ ತೀರ್ಥಂಕರರ ಪುರಾತನ ಬಸದಿಯಿದೆ, ಯಾತ್ರಿಕರಿಗೆ ನೆರಳಿದೆ, ನೀರಿದೆ. ಏರು, ಏರಿನ ಮೇಲೊಂದು ಮನೆ, ತಿರುಗಿ ಇಳಿತ. ಆಲ್ಪ್ಸಿನ ಸವಾರಿಗೆ ಬೇಕಾದುದೆಲ್ಲವೂ ಇಲ್ಲಿಯೇ ಇರಲು ದೂರ ಹೋಗುವುದೇಕೆ?

ಈ ಬೆಟ್ಟದ ಗುಡಿಸಲೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಸ್ವಿಟ್ಜರ್ಲೆಂಡಿನಲ್ಲಿ ಪರ್ವತಾರೋಹಿಗಳ ಸಂಘವೊಂದು 1863ರಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ಅವರು ಗ್ರ್ಯೂನ್‌ಹಾರ್ನ್ ಎಂಬಲ್ಲಿ ತಮ್ಮ ಮೊದಲನೆಯ ಗುಡಿಸಲನ್ನು ಕಟ್ಟಿದರು. ಇಂದು ಆ ಸಂಘದ ಇಂಥ ಮನೆಗಳು ಸುಮಾರು ನೂರೈವತ್ತು ಇವೆ. ಹೆಸರಿಗೆ ಗುಡಿಸಲಾದರೂ ಇವುಗಳಲ್ಲಿ ಎಷ್ಟೋ ಕಲ್ಲಿನ ಗಟ್ಟಿ ಕಟ್ಟಡಗಳು. ಏರಿ ಬಂದವನಿಗೆ ಬಿಸಿ ಊಟ, ರಾತ್ರಿಯಾದರೆ ಹಾಸಿಗೆ. ನಮ್ಮ ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದುದೆಂದರೆ ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಮನೆ. ಏರುವವರಿಗೆ ಅಲ್ಲಿ ಅನ್ನ ಹಾಕುತ್ತ ಬಂದುದು ಪ್ರಸಿದ್ಧವಾಗಿದೆ. ಇನ್ನುಳಿದ ನಮ್ಮ ಬೆಟ್ಟಗಳಲ್ಲಿ ಈ ಕೆಲಸವನ್ನು ದೇವಸ್ಥಾನಗಳೂ ಬಸದಿಗಳೂ ಮಠಗಳೂ ಬಹು ಹಿಂದಿನಿಂದಲೇ ಮಾಡುತ್ತ ಬಂದಿವೆ. ಗುಡ್ಡ ಹತ್ತಿ ಬಂದವನಿಗೆ ನೀರು ಕೊಡಬೇಕು ಎಂಬ ತಿಳಿವಳಿಕೆ ನಮಗೆ ಹೊಸದಲ್ಲ.

ಇನ್ನು ನಮ್ಮ ವಾಹನಗಳ ಪರಿಚಯ. ಗೆಳೆಯನದು ಅವನ ಅಣ್ಣ ಪುಣೆಯಿಂದ ತಂದುಕೊಟ್ಟ 'ಮೌಂಟನ್ ಬೈಕು'. ದಪ್ಪ ಟಾಯರು, ಮುಂದೆ ಸ್ಪ್ರಿಂಗಿನ ಫೋರ್ಕು, ಇಪ್ಪತ್ತೊಂದು ಗೇರು. ನನ್ನದು ನನ್ನದೇ ಅಲ್ಲ, ಅಕ್ಕನದು. ನಮ್ಮ ಸರಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಆ ಯೋಜನೆಯಲ್ಲಿಯೇ ಅಕ್ಕನಿಗೆ ಬಂದ, ಮುಂದೆ ಬುಟ್ಟಿಯುಳ್ಳ, ಗೇರಿಲ್ಲದ ಸೈಕಲ್ಲು ಅದು. ಅಕ್ಕ ಈಗ ಅದರ ಮೇಲೆಯೇ ದಿನಾಲು ಹೊಲಿಗೆಯ ಕೆಲಸಕ್ಕೆ ಹೋಗುತ್ತಾಳೆ. ರವಿವಾರ ಒಂದು ದಿನ ಮಾತ್ರ ಅದಕ್ಕೆ ವಿಶ್ರಾಂತಿ. ಆ ವಿಶ್ರಾಂತಿಯನ್ನೇ ನಾನು ಕೇಳಿ ಪಡೆದೆನು.

ಶನಿವಾರ ಸಂಜೆ ಸೈಕಲ್ಲನ್ನು ನನ್ನ ಕೈಗೆ ಕೊಡುವಾಗ ಅಕ್ಕ ನೂರು ರೂಪಾಯಿಯನ್ನೂ ಕೊಟ್ಟಳು. 'ಬ್ರೇಕಿನ ರಬ್ಬರ್ ಸವದಾವ ನೋಡು. ಊರಾಗಿನ ರಸ್ತಾಕ್ಕ ನಡೀತೈತಿ, ಘಟ್ಟಕ್ಕ ನಡ್ಯಾಂಗಿಲ್ಲ. ಹೊಸಾವ ಹಾಕಿಸಿಕೊಂಡ ಹೋಗು' ಎಂದಳು. ನಾನು ಪೇಟೆಗೆ ಹೋದೆನು. ಗಾಳಿ ತುಂಬಿಸಿದೆನು, ಚೈನಿಗೆ ಎಣ್ಣೆ ಬಿಡಿಸಿದೆನು. ರಬ್ಬರಿನ ಮಾತು ಬಂದಾಗ, ಏರುವುದಕ್ಕಲ್ಲವೇ ನಾವು ಹೊರಟಿರುವುದು, ಬ್ರೇಕಿನ ಕೆಲಸವೇನು ಎಂದುಕೊಂಡು ಹಣವನ್ನು ಕಿಸೆಯಲ್ಲಿಯೇ ಉಳಿಸಿದೆನು. ರಾತ್ರಿ ಊಟಕ್ಕೆ ಕುಳಿತಾಗ 'ಹಾಕಿಸಿದ್ಯಾ?' ಎಂದು ಕೇಳಿದಳು. 'ಹಾಕಿಸೀನಿ' ಎಂದೆನು.

ಜನವರಿ ತಿಂಗಳ ಒಂದು ರವಿವಾರ ಬೆಳಗಿನ ಆರು ಗಂಟೆಗೆ ಚಿಕ್ಕೋಡಿಯನ್ನು ಬಿಟ್ಟೆವು. ಆಲ್ಪ್ಸಿನಲ್ಲಿ ಬೇಗ ಹೊರಡುವುದು ಮಧ್ಯಾಹ್ನದ ಮೇಲೆ ಏಳುವ ಗುಡುಗುಮಳೆಗೆ ಅಂಜಿ. ನಮ್ಮಲ್ಲಿ ಬಿಸಿಲಿಗೆ ಅಂಜಿ. ನಿಪ್ಪಾಣಿಗೆ ಸುಮಾರು 25 ಕಿಲೋಮೀಟರು. ಮೂಡಗಾಳಿ ಬೆನ್ನಿಗಿದ್ದುದರಿಂದ ಸೈಕಲ್ಲು ತಾನಾಗಿಯೇ ಓಡುವಂತೆ ತೋರಿತು. ಸಂಜೆ ತಿರುಗಿ ಬರುವಾಗ ಅದೇ ಗಾಳಿ ಎದೆಗೆ ಬರುವುದೆಂಬ ವಿಚಾರ ಆಗ ಹೊಳೆಯಲಿಲ್ಲ. ದಾರಿಯ ಎರಡೂ ಕಡೆಗೆ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಖಡಕಲಾಟದ ಆಚೀಚೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಗಾಡಿಗಳನ್ನು ಎಳೆಯುತ್ತ ಎದುರಾದವು. ಕಬ್ಬಿನ ಹಂಗಾಮಿನಲ್ಲಿ ಸೈಕಲ್ ಸವಾರನು ನೆನಪಿಡಬೇಕಾದುದೇನೆಂದರೆ, ಮುಂದಿನ ಗಾಡಿ ದಾಟಿತೆಂದು ರಸ್ತೆಗೆ ಸರಿಯಬಾರದು. ಹಿಂದಿನದು ಇನ್ನೂ ಬರುವುದಿರುತ್ತದೆ.

ನಿಪ್ಪಾಣಿಯಲ್ಲಿ ಚಹ ಕುಡಿದು ಹೆದ್ದಾರಿಗೆ ಬಂದೆವು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಿದು. ಹಿಂದೆ ಇದರ ಸಂಖ್ಯೆ 4 ಇದ್ದಿತು, ಈಗ 48. ನಮ್ಮ ಅಜ್ಜನ ಬಾಯಲ್ಲಿ ಈ ರಸ್ತೆಯ ಹೆಸರನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. 1981ರ ಮಾರ್ಚ್-ಏಪ್ರಿಲ್ ತಿಂಗಳುಗಳಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಈ ಭಾಗದ ರೈತರು ಶರದ್ ಜೋಶಿಯವರ ಮುಂದಾಳುತನದಲ್ಲಿ ನಿಪ್ಪಾಣಿಯ ಹತ್ತಿರ ಇದೇ ಹೆದ್ದಾರಿಯನ್ನು ತಡೆದು ಕುಳಿತಿದ್ದರು. ಕೊನೆಗೆ ಗೋಲೀಬಾರಾಯಿತು, ರೈತರು ಪ್ರಾಣ ಕಳೆದುಕೊಂಡರು. ಅಜ್ಜ ಊರಿನಿಂದ ಅಲ್ಲಿಗೆ ಹೋದದ್ದು ಸೈಕಲ್ಲಿನ ಮೇಲೆ, ಕ್ಯಾರಿಯರಿಗೆ ರೊಟ್ಟಿಯ ಗಂಟು ಕಟ್ಟಿಕೊಂಡು. ನಾವು ವಿನೋದಕ್ಕಾಗಿ ತುಳಿಯುತ್ತಿದ್ದ ರಸ್ತೆಯನ್ನು ಅವರು ಹೊಟ್ಟೆಪಾಡಿಗಾಗಿ ತುಳಿದಿದ್ದರು. ಈ ಮಾತನ್ನು ಗೆಳೆಯನಿಗೆ ಹೇಳಿದಾಗ ಸ್ವಲ್ಪ ದೂರ ಇಬ್ಬರೂ ಮಾತಾಡದೆ ಸೈಕಲ್ ಹೊಡೆದೆವು.

ಘಟ್ಟ ಆರಂಭವಾಯಿತು. ಇಲ್ಲಿಂದ ಮುಂದೆ ಎರಡು ಸೈಕಲ್ಲುಗಳ ಭೇದ ಗೊತ್ತಾಗತೊಡಗಿತು. ಗೆಳೆಯನು ಗೇರು ಬದಲಿಸಿ, ಕಾಲುಗಳನ್ನು ಗಿರಗಿರನೆ ತಿರುಗಿಸುತ್ತ, ಆಮೆಯಂತೆ ಆದರೆ ನಿಲ್ಲದೆ ಏರತೊಡಗಿದನು. ನಾನು ಎದ್ದು ನಿಂತು ತುಳಿದೆನು, ಹಾವಿನಂತೆ ಅಡ್ಡಡ್ಡ ಹೊಡೆದೆನು, ಕೊನೆಗೆ ಇಳಿದು ನೂಕತೊಡಗಿದೆನು. ಇದರ ಕಾರಣವನ್ನು ನಾವು ಮೇಲೆ ಹೋದ ನಂತರ ಲೆಕ್ಕ ಹಾಕಿ ನೋಡಿದೆವು. ನನ್ನ ಸೈಕಲ್ಲಿನ ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವ್ಹೀಲಿಗೆ 18. ಪೆಡಲನ್ನು ಒಂದು ಸುತ್ತು ತುಳಿದರೆ ಗಾಲಿಯು ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ಲು 5 ಮೀಟರು ಮುಂದೆ ಹೋಗುತ್ತದೆ. ಗೆಳೆಯನ ಸೈಕಲ್ಲಿನಲ್ಲಿ ಮುಂದೆ ಅತಿ ಚಿಕ್ಕದು 24 ಹಲ್ಲಿನದು, ಹಿಂದೆ ಅತಿ ದೊಡ್ಡದು 28ರದು. ಅಲ್ಲಿ ಒಂದು ಸುತ್ತಿಗೆ ಮುಂದೆ ಹೋಗುವುದು ಬರೀ ಒಂದೂಮುಕ್ಕಾಲು ಮೀಟರು. ಅಂದರೆ ಅವನು ನನಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತುಳಿಯಬೇಕು. ಆದರೆ ಪ್ರತಿಸಲವೂ ಹಾಕಬೇಕಾದ ಬಲ ಮೂರರಲ್ಲಿ ಒಂದು ಪಾಲು. ಒಟ್ಟು ಶ್ರಮ ಇಬ್ಬರಿಗೂ ಒಂದೇ. ಗೇರು ಶ್ರಮವನ್ನು ಕಡಿಮೆ ಮಾಡುವುದಿಲ್ಲ, ಅದನ್ನು ನಮ್ಮ ಕಾಲಿಗೆ ನೀಗುವಂಥ ತುತ್ತುಗಳನ್ನಾಗಿ ಮಾಡಿಕೊಡುತ್ತದೆ. ದೊಡ್ಡ ಮೂಟೆಯನ್ನು ಒಮ್ಮೆಗೇ ಹೊರಲಾರದವನು ಮೂರು ಗಂಟು ಕಟ್ಟಿ ಮೂರು ಸಲ ಹೊತ್ತಂತೆ.

ಇನ್ನೊಂದು ಲೆಕ್ಕ ನನಗೆ ಬಹಳ ಸೋಜಿಗವೆನಿಸಿತು. ನಾನೂ ಸೈಕಲ್ಲೂ ಕೂಡಿ 80 ಕಿಲೋಗ್ರಾಮು ತೂಕ ಎಂದು ಹಿಡಿಯೋಣ. ಇಷ್ಟು ಭಾರವನ್ನು 100 ಮೀಟರು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 78 ಸಾವಿರ ಜೂಲು. ನಮ್ಮ ದೇಹವು ತಿಂದ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಇಂಥ ಕೆಲಸಕ್ಕೆ ಹಚ್ಚುತ್ತದೆ. ಉಳಿದದ್ದು ಮೈಬಿಸಿಯಾಗಿ ಹೋಗುತ್ತದೆ. ಹಾಗೆ ಲೆಕ್ಕ ಹಾಕಿದರೂ ಖರ್ಚಾಗುವುದು ಸುಮಾರು 80 ಕ್ಯಾಲೊರಿ. ಒಂದು ಜೋಳದ ರೊಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ಇರುತ್ತದೆ. ಬುತ್ತಿಯಲ್ಲಿ ನಾಲ್ಕು ರೊಟ್ಟಿಯಿದ್ದವನು ಘಟ್ಟಕ್ಕೆ ಅಂಜಬೇಕಾಗಿಲ್ಲ! ಅಂಜಬೇಕಾದುದು ಅವಸರಕ್ಕೆ. ಉಸಿರು ಕಟ್ಟುವಂತೆ ತುಳಿದವನು ಅರ್ಧದಲ್ಲಿಯೇ ಕೂಡುತ್ತಾನೆ. ಪಕ್ಕದವನೊಡನೆ ಮಾತಾಡಲು ಬರುವಷ್ಟು ಸಾವಕಾಶವಾಗಿ ತುಳಿದವನು ಮೇಲೆ ಮುಟ್ಟುತ್ತಾನೆ. ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಬೇಕು. ಸೀಟನ್ನು ಹಿಮ್ಮಡಿ ಪೆಡಲಿಗೆ ತಾಗಿದಾಗ ಕಾಲು ನೆಟ್ಟಗಾಗುವಷ್ಟು ಎತ್ತರಕ್ಕೆ ಏರಿಸಿಕೊಂಡರೆ ಮೊಣಕಾಲು ನೋಯುವುದಿಲ್ಲ.

ಹತ್ತು ಗಂಟೆಯ ಸುಮಾರಿಗೆ ಸ್ತವನಿಧಿಯನ್ನು ಸೇರಿದೆವು. ಹೆದ್ದಾರಿಯ ಗದ್ದಲ ಒಮ್ಮೆಲೇ ಹಿಂದುಳಿಯಿತು. ಜೈನರಿಗೆ ಇದು ದೊಡ್ಡ ಯಾತ್ರಾಸ್ಥಳ. ದಕ್ಷಿಣ ಭಾರತ ಜೈನ ಸಭೆಯು 1899ರಲ್ಲಿ ಸ್ಥಾಪನೆಯಾದದ್ದು ಇಲ್ಲಿಯೇ. ವಿದ್ಯಾರ್ಥಿ ವಸತಿಗೃಹಗಳನ್ನು ತೆರೆದು ಈ ಗಡಿಭಾಗದ ಎಷ್ಟೋ ಬಡ ಹುಡುಗರನ್ನು ಓದಿಸಿದ ಸಂಸ್ಥೆಯದು. ರೈಲು ಇಲ್ಲದ ಈ ಗುಡ್ಡಕ್ಕೆ ಜನರು ಆಗ ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಿಂದ ಬಂದು ಕೂಡಿರಬೇಕು. ಬಸದಿಯ ದರ್ಶನ ಮಾಡಿ ಅಂಗಳದ ನೆರಳಿಗೆ ಕುಳಿತಾಗ ವಯಸ್ಸಾದ ಒಬ್ಬರು ಬಟ್ಟೆಯಲ್ಲಿ ಸೋಸಿದ ನೀರನ್ನು ತಂಬಿಗೆಯಲ್ಲಿ ತಂದು ಕೊಟ್ಟರು. 'ಎಲ್ಲಿಂದ ಬಂದ್ರೆಪಾ?' ಎಂದು ಕೇಳಿದರು. ಚಿಕ್ಕೋಡಿಯಿಂದ ಸೈಕಲ್ಲಿನ ಮೇಲೆ ಎಂದಾಗ ಅವರ ಮುಖ ಅರಳಿತು. ನಮ್ಮ ಜಾತಿಯನ್ನು ಕೇಳಲಿಲ್ಲ, ಕೆಲಸವನ್ನು ಕೇಳಲಿಲ್ಲ. ಬುತ್ತಿ ಬಿಚ್ಚಲು ಜಾಗ ತೋರಿಸಿದರು. ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ. ಸ್ವಿಟ್ಜರ್ಲೆಂಡಿನ ಗುಡಿಸಲಿನ ಊಟ ಇದಕ್ಕಿಂತ ರುಚಿಯಾಗಿರಲಾರದು.

ಘಟ್ಟದ ನೆತ್ತಿಯ ಮೇಲೆ ನಿಂತು ಎರಡೂ ಕಡೆಗೆ ನೋಡಿದಾಗ ಭೂಗೋಳದ ಪಾಠವೊಂದು ಕಣ್ಣಿಗೆ ಕಟ್ಟಿತು. ನಿಪ್ಪಾಣಿಯ ಕಡೆಗೆ ಬಿದ್ದ ಮಳೆನೀರು ವೇದಗಂಗೆಗೆ, ಅಲ್ಲಿಂದ ದೂಧಗಂಗೆಗೆ, ಮುಂದೆ ಕೃಷ್ಣೆಗೆ ಹೋಗುತ್ತದೆ. ಸಂಕೇಶ್ವರದ ಕಡೆಗೆ ಬಿದ್ದದ್ದು ಹಿರಣ್ಯಕೇಶಿಯನ್ನು ಸೇರಿ, ಘಟಪ್ರಭೆಯ ಪಾಲಾಗಿ, ಎಷ್ಟೋ ದೂರ ಸುತ್ತಿ ಅದೇ ಕೃಷ್ಣೆಯನ್ನು ಕೂಡುತ್ತದೆ. ಬಸ್ಸಿನಲ್ಲಿ ಹತ್ತಾರು ಸಲ ಈ ಘಟ್ಟವನ್ನು ದಾಟಿದ್ದರೂ ನನಗಿದು ಎಂದೂ ತಿಳಿದಿರಲಿಲ್ಲ. ಕಾಲಿನಿಂದ ತುಳಿದು ಬಂದವನಿಗೆ ಮಾತ್ರ ನೆಲದ ಏರಿಳಿವು ತಿಳಿಯುತ್ತದೆ.

ಮೂರು ಗಂಟೆಗೆ ಇಳಿಯಲು ಹೊರಟೆವು. 'ಸಾವಕಾಶ ಇಳೀರೆಪಾ' ಎಂದು ಆ ಹಿರಿಯರು ಹೇಳಿದರು.

ಇಲ್ಲಿ ಮೌಂಟನ್ ಬೈಕಿನ ಹುಟ್ಟಿನ ಕಥೆಯನ್ನು ಹೇಳಬೇಕು. ಅದು ಹುಟ್ಟಿದ್ದು ಆಲ್ಪ್ಸಿನಲ್ಲಲ್ಲ, ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿ. ಅದೂ ಏರುವುದಕ್ಕಾಗಿ ಅಲ್ಲ, ಇಳಿಯುವುದಕ್ಕಾಗಿ. ಮರಿನ್ ಎಂಬ ಪ್ರಾಂತದ ಕೆಲವು ತರುಣರು ಹಳೆಯ ದಪ್ಪ ಟಾಯರಿನ ಸೈಕಲ್ಲುಗಳನ್ನು ಗುಡ್ಡದ ಮೇಲೆ ಒಯ್ದು, ಮಣ್ಣುದಾರಿಯಲ್ಲಿ ಯಾರು ಮೊದಲು ಇಳಿಯುವರೆಂದು 1976ರಿಂದ ಪಂದ್ಯ ನಡೆಸತೊಡಗಿದರು. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ ಸುಮಾರು 400 ಮೀಟರು ಇಳಿಯುವ ದಾರಿಯದು. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಗಾಲಿಯ ಹಬ್ಬಿನೊಳಗೆ ಹಿಡಿಯುವ ಬ್ರೇಕು. ಕೆಳಗೆ ಮುಟ್ಟುವುದರೊಳಗೆ ಅದು ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆದ್ದರಿಂದ ಆ ಪಂದ್ಯಕ್ಕೆ 'ರಿಪ್ಯಾಕ್', ಎಂದರೆ ಮತ್ತೆ ತುಂಬುವುದು, ಎಂದೇ ಹೆಸರಾಯಿತು. ಆ ತರುಣರಲ್ಲಿ ಒಬ್ಬನಾದ ಜೋ ಬ್ರೀಜ್ 1977ರಲ್ಲಿ ಇಂಥ ಸವಾರಿಗೆಂದೇ ಹೊಸದಾಗಿ ಚೌಕಟ್ಟು ಕಟ್ಟಿದನು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಗುಡ್ಡದ ಸೈಕಲ್ಲಿನ ಇತಿಹಾಸವು ಬ್ರೇಕಿನಿಂದಲೇ ಆರಂಭವಾಗುತ್ತದೆಂಬುದನ್ನು ನಾನು ಓದಿದ್ದು ಆಮೇಲೆ. ಅನುಭವಿಸಿದ್ದು ಮೊದಲು.

ಏರುವಾಗ ಕೂಡಿಟ್ಟ 78 ಸಾವಿರ ಜೂಲು ಎಲ್ಲಿಯೂ ಹೋಗಿರುವುದಿಲ್ಲ. ಇಳಿಯುವಾಗ ಅದಷ್ಟೂ ಹೊರಗೆ ಬರಲೇಬೇಕು. ಸ್ವಲ್ಪವನ್ನು ಗಾಳಿ ತಿನ್ನುತ್ತದೆ; ಉಳಿದದ್ದು ಒಂದೋ ವೇಗವಾಗಬೇಕು, ಇಲ್ಲವೆ ಬ್ರೇಕಿನಲ್ಲಿ ಬಿಸಿಯಾಗಬೇಕು. ಇಷ್ಟು ಶಕ್ತಿಯಿಂದ ಕಾಲು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಇಷ್ಟು ಬಿಸಿಯನ್ನು ಹೊರಬೇಕಾದುದು ಹೆಬ್ಬೆರಳಿನಷ್ಟು ಗಾತ್ರದ ನಾಲ್ಕು ರಬ್ಬರಿನ ತುಂಡುಗಳು ಮತ್ತು ಗಾಲಿಯ ಅಂಚು. ವೇಗದ ಲೆಕ್ಕವೂ ಕಠಿಣವಾದುದು. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ.

ಮೊದಲಿನ ಅರ್ಧ ಕಿಲೋಮೀಟರು ಸ್ವರ್ಗವೇ. ಮುಂಜಾನೆ ನೂಕಿಕೊಂಡು ಬಂದ ದಾರಿ ಕಾಲು ಅಲುಗಿಸದೆ ಹಿಂದೆ ಸರಿಯುತ್ತಿತ್ತು. ನಾನು ಕೂಗಿದೆನು, ಹಾಡಿದೆನು. ವೇಗ ಹೆಚ್ಚಾಯಿತೆಂದು ಬ್ರೇಕು ಹಿಡಿದಾಗ ಕರಕರ ಎಂಬ ಸಪ್ಪಳವಾಯಿತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ಇನ್ನೂ ಗಟ್ಟಿಯಾಗಿ ಹಿಡಿದೆನು. ಹಿಡಿ ಹ್ಯಾಂಡಲ್ಲಿಗೇ ತಾಗಿತು. ಹಿಂದಿನಿಂದ ಲಾರಿಯೊಂದು ಹಾರ್ನು ಬಾರಿಸತೊಡಗಿತು. ಮುಂದೆ ತಿರುವು. ಚಪ್ಪಲಿಯನ್ನು ನೆಲಕ್ಕೆ ಒತ್ತಿದೆನು. ಉಂಗುಟ ಹರಿದು ಚಪ್ಪಲಿ ಹಾರಿಹೋಯಿತು. ಆಗ ನನ್ನ ಮನಸ್ಸಿಗೆ ಬಂದುದು ನನ್ನ ಪ್ರಾಣವಲ್ಲ. ಇದು ಅಕ್ಕನ ಸೈಕಲ್ಲು, ನಾಳೆ ಸೋಮವಾರ ಎಂಬ ಒಂದೇ ವಿಚಾರ. ಎಡಕ್ಕೆ ಹ್ಯಾಂಡಲ್ ತಿರುವಿ ಗರಸು ಹರಡಿದ ಅಂಚಿಗೆ ಬಿದ್ದೆನು. ಲಾರಿಯ ಗಾಳಿ ಮೈಮೇಲೆ ಬೀಸಿ ಹೋಯಿತು.

ಮೊಣಕಾಲು ಮತ್ತು ಅಂಗೈ ಕೆತ್ತಿದ್ದವು, ಮುಂದಿನ ಗಾಲಿ ಸೊಟ್ಟಾಗಿತ್ತು, ಅಷ್ಟಕ್ಕೇ ಮುಗಿಯಿತು. ಗೆಳೆಯನು ಓಡಿಬಂದು ನನ್ನನ್ನು ಎಬ್ಬಿಸಿ ಕೂಡಿಸಿದನು. ಅವನ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು. ಅವನು ಹತ್ತಿ ಹೋಗಬಹುದಾಗಿತ್ತು, ಹತ್ತಲಿಲ್ಲ. ನನ್ನ ಸೈಕಲ್ಲಿನ ಮುಂದಿನ ಗಾಲಿಯನ್ನು ಎತ್ತಿ ಹಿಡಿದು ಒಬ್ಬರು, ಅವನ ಸೈಕಲ್ಲನ್ನು ಇನ್ನೊಬ್ಬರು, ಹೀಗೆ ಸರದಿಯಂತೆ ನಡೆದು ನಿಪ್ಪಾಣಿಯನ್ನು ಸೇರಿದೆವು. ಅಲ್ಲಿಯ ಸೈಕಲ್ ಅಂಗಡಿಯವರು ಬ್ರೇಕಿನ ಕಟ್ಟೆಯನ್ನು ನನ್ನ ಕಣ್ಣೆದುರಿಗೆ ಹಿಡಿದು, 'ತಮ್ಮಾ, ಇದರಾಗ ರಬ್ಬರ್ ಎಲ್ಲೈತಿ? ಬರೀ ಕಬ್ಬಿಣ ಉಳದೈತಿ' ಎಂದರು. ಕಡ್ಡಿಗಳನ್ನು ಬಿಗಿದು ಸಡಿಲಿಸಿ ಗಾಲಿಯನ್ನು ನೆಟ್ಟಗೆ ಮಾಡಿದರು, ನಾಲ್ಕೂ ರಬ್ಬರ್ ಹೊಸದಾಗಿ ಹಾಕಿದರು. ಅಕ್ಕ ಕೊಟ್ಟ ನೂರು ರೂಪಾಯಿ ಕೊನೆಗೂ ತನ್ನ ಕೆಲಸಕ್ಕೇ ಹೋಯಿತು. ಗಾಲಿಯ ಹಣವನ್ನು ಗೆಳೆಯನು ಕೊಟ್ಟನು.

ಅವರು ಕೆಲಸ ಮಾಡುತ್ತ ಹೇಳಿಕೊಟ್ಟ ಮಾತುಗಳನ್ನು ಇಲ್ಲಿ ಕೊಡುವೆನು. ರಬ್ಬರಿನ ಮೇಲಿನ ಗೆರೆಗಳು ಅಳಿಸಿದವೆಂದರೆ ಬದಲಿಸಬೇಕು. ಹಿಡಿಯನ್ನು ಪೂರ್ತಿ ಒತ್ತಿದಾಗಲೂ ಅದಕ್ಕೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳು ಅಂತರ ಉಳಿಯಬೇಕು. ಇಳಿತದಲ್ಲಿ ವೇಗ ಏರಿದ ಮೇಲೆ ಹಿಡಿಯುವುದಲ್ಲ, ಏರದಂತೆ ಮೊದಲಿನಿಂದಲೇ ಬಿಟ್ಟು ಬಿಟ್ಟು ಹಿಡಿಯುತ್ತ ಬರಬೇಕು. ಆ ನಡುವೆ ರಬ್ಬರು ಆರುತ್ತದೆ. ಮುಂದಿನ ಬ್ರೇಕಿಗೆ ಬಲ ಹೆಚ್ಚು, ಏಕೆಂದರೆ ನಿಲ್ಲುವಾಗ ಮೈಭಾರವೆಲ್ಲ ಮುಂದಕ್ಕೆ ಬರುತ್ತದೆ. ಆದರೆ ಅದೊಂದನ್ನೇ ಒಮ್ಮೆಲೇ ಹಿಡಿದರೆ ಸವಾರನು ಹ್ಯಾಂಡಲ್ಲಿನ ಮೇಲಿಂದ ಹಾರುತ್ತಾನೆ. ಎರಡನ್ನೂ ಕೂಡಿಸಿ ಹಿಡಿದು, ಮೈಯನ್ನು ಹಿಂದಕ್ಕೆ ಸರಿಸಿ ಕೂಡಬೇಕು. ತಿರುವಿನ ಮೊದಲು ವೇಗ ಇಳಿಸಬೇಕು, ತಿರುವಿನಲ್ಲಿ ಅಲ್ಲ.

ಮೂಡಗಾಳಿಗೆ ಎದೆಯೊಡ್ಡಿ, ಕಬ್ಬಿನ ಗಾಡಿಗಳಿಗೆ ದಾರಿ ಕೊಡುತ್ತ ನಾವು ಚಿಕ್ಕೋಡಿಗೆ ಬಂದಾಗ ರಾತ್ರಿ ಎಂಟೂವರೆ. ಅಕ್ಕ ಓಣಿಯ ತುದಿಗೆ ನಿಂತಿದ್ದಳು. ನನ್ನ ಮೊಣಕಾಲು ನೋಡಿ ಏನೂ ಕೇಳಲಿಲ್ಲ. ತೊಳೆದು ಅರಿಷಿಣ ಹಚ್ಚಿದಳು. ಮರುದಿನ ಕೆಲಸಕ್ಕೆ ಹೊರಡುವಾಗ ಸೈಕಲ್ಲಿನ ಮುಂದೆ ಬಗ್ಗಿ ನೋಡಿ, 'ಇವು ಶನಿವಾರ ಹಾಕಿಸಿದಾವಲ್ಲ. ನಿನ್ನೆ ಹಾಕಿಸಿದಾವು' ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ಅವಳು ಹಿಡಿಯನ್ನು ಎರಡು ಸಲ ಒತ್ತಿ ನೋಡಿ ಹತ್ತಿ ಹೋದಳು. ಸಂಜೆ ಬಂದವಳು ತಾನಾಗಿಯೇ ಕೇಳಿದಳು: 'ಮ್ಯಾಲ ಏನೇನ ಐತೋ ಅಲ್ಲಿ?' ನಾನು ಬಸದಿಯನ್ನೂ ಸೋಸಿದ ನೀರನ್ನೂ ಎರಡು ಕಡೆಗೆ ಹರಿಯುವ ಮಳೆಯನ್ನೂ ಹೇಳಿದೆನು. ಎಲ್ಲವನ್ನೂ ಕೇಳಿ, 'ಮುಂದಿನ ಸಲ ನಾನೂ ಬರತೀನಿ. ಬ್ರೇಕ್ ಮಾತ್ರ ನಾನ ನೋಡತೀನಿ' ಎಂದಳು.

ವಾಚಕ ಮಿತ್ರರೇ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯವರೇ ಇರಲಿ, ಒಂದು ರವಿವಾರ ನೀವೂ ಹೊರಡಿರಿ. ಗೇರಿನ ಸೈಕಲ್ಲೇ ಬೇಕೆಂದಿಲ್ಲ. ಏರಿನಲ್ಲಿ ಇಳಿದು ನೂಕಿದರೆ ಅವಮಾನವಿಲ್ಲ. ಆದರೆ ಹೊರಡುವ ಮೊದಲು ಬ್ರೇಕು ಹಿಡಿದು ನೋಡಿರಿ. ಮನೆಯವರು 'ನೋಡಿದ್ಯಾ?' ಎಂದು ಕೇಳಿದರೆ ನಿಜವನ್ನೇ ಹೇಳಿರಿ.